ಕಥಾಕಥನಕೋವಿದ ಆಂಡರ್ಸನ್

ಕಥೆಯು ಕಿವಿಯಿಂದ ಹೃದಯಕ್ಕೆ ಇಳಿಯತಕ್ಕದ್ದು. ಅದನ್ನು ಅಕ್ಷರದಲ್ಲಿ ಸೆರೆಹಿಡಿದಾಗಲೂ ಹೇಳುವವನ ದನಿ ಮಾಸದಂತೆ ಕಾಪಾಡಿದ ಮಹನೀಯರಲ್ಲಿ ಡೆನ್ಮಾರ್ಕ್ ದೇಶದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ನರು ಅಗ್ರಗಣ್ಯರು.

ಅವರು 1805ರ ಏಪ್ರಿಲ್ 2ರಂದು ಓಡೆನ್ಸ ಪಟ್ಟಣದಲ್ಲಿ ಜನಿಸಿದರು. ತಂದೆ ಪಾದರಕ್ಷೆ ಹೊಲಿಯುವ ಬಡವರು. ತಾಯಿ ಪರರ ಬಟ್ಟೆ ಒಗೆದು ಬಾಳಿದವರು. ತಂದೆಯವರು ಬಿಡುವಿನ ವೇಳೆಯಲ್ಲಿ ಮಗನಿಗೆ ಅರಬ್ಬೀ ಕಥೆಗಳನ್ನು ಓದಿ ಹೇಳುತ್ತಿದ್ದರು. ಅಜ್ಜಿಯು ತೋಟದ ಕೆಲಸಕ್ಕೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ನೂಲುವ ಮುದುಕಿಯರು ಹೇಳುತ್ತಿದ್ದ ಜನಪದ ಕಥೆಗಳೇ ಬಾಲಕನಿಗೆ ಮೊದಲ ಪಾಠಗಳಾದುವು.

1816ರಲ್ಲಿ ತಂದೆ ತೀರಿಕೊಂಡರು. 1819ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ನಟನಾಗುವ ಹಂಬಲದಿಂದ ರಾಜಧಾನಿ ಕೋಪನ್‌ಹೇಗನ್ನಿಗೆ ಬಂದ ಆಂಡರ್ಸನ್ನರಿಗೆ ರಂಗಭೂಮಿ ಒಲಿಯಲಿಲ್ಲ. ಯೋನಾಸ್ ಕೊಲಿನ್ ಎಂಬ ಉದಾರಿಗಳು ರಾಜಧನದ ನೆರವು ದೊರಕಿಸಿ 1822ರಲ್ಲಿ ಅವರನ್ನು ಶಾಲೆಗೆ ಸೇರಿಸಿದರು. ಹದಿನೇಳು ವರ್ಷದ ತರುಣನು ಎಳೆಯ ಬಾಲಕರ ನಡುವೆ ಕುಳಿತು ಕಲಿಯಬೇಕಾಯಿತು. ಮುಖ್ಯೋಪಾಧ್ಯಾಯರು ಅವರನ್ನು ಹೀಯಾಳಿಸಿದರು, ಕವನ ರಚಿಸಕೂಡದೆಂದು ತಡೆದರು. ಆ ನೋವು ಮುಪ್ಪಿನಲ್ಲಿಯೂ ಕನಸಾಗಿ ಕಾಡುತ್ತಿತ್ತು.

ಆದರೆ ಮಿತ್ರರ ಮನೆಗಳ ಮಕ್ಕಳು ಅವರಿಗಾಗಿ ಕಾದಿರುತ್ತಿದ್ದರು. ಮಕ್ಕಳು ಗಾಡಿಯೇರಿ ಹೋದರೆಂದು ಅವರು ಸುಮ್ಮನೆ ಹೇಳಿ ಮುಗಿಸುತ್ತಿರಲಿಲ್ಲ. ತಂದೆತಾಯಿಯರ ಬೀಳ್ಕೊಡುಗೆ, ಚಾವಟಿಯ ಸಪ್ಪಳ, ಕುದುರೆಯ ಓಟ ಎಲ್ಲವನ್ನೂ ದನಿಯಲ್ಲಿಯೂ ಅಭಿನಯದಲ್ಲಿಯೂ ತೋರುತ್ತಿದ್ದರು. ಹೇಳುತ್ತ ಹೇಳುತ್ತಲೇ ಕತ್ತರಿಯಿಂದ ಕಾಗದವನ್ನು ಕತ್ತರಿಸುವರು. ಕಥೆ ಮುಗಿದು ಮಡಿಕೆ ಬಿಚ್ಚಿದಾಗ ಅರಮನೆಯೋ ಹಂಸವೋ ನರ್ತಕಿಯೋ ಮೂಡಿರುತ್ತಿತ್ತು. ಜಾನಪದ ಸಂಗ್ರಾಹಕ ಥೀಲೆಯವರ ಪುಟ್ಟ ಮಗಳು ಇಡಾಳಿಗೆ ಹೇಳಿದ ಹೂವುಗಳ ಕಥೆಯು 1835ರಲ್ಲಿ ಪ್ರಕಟವಾದ, ನಾಲ್ಕು ಕಥೆಗಳ ಮೊದಲ ಹೊತ್ತಗೆಯಲ್ಲಿ ಸೇರಿತು.

ಆಡುಮಾತನ್ನು ಹಾಗೆಯೇ ಅಚ್ಚಿಸುವುದು ಸಾಹಿತ್ಯವಲ್ಲವೆಂದೂ ಕಥೆಗಳಲ್ಲಿ ನೀತಿಬೋಧೆಯಿಲ್ಲವೆಂದೂ ವಿಮರ್ಶಕರು ಆಕ್ಷೇಪಿಸಿದರು. ಆಂಡರ್ಸನ್ನರು ಕಥನದ ಆ ದನಿಯನ್ನು ಬಿಡಲಿಲ್ಲ. ಜೀವಮಾನದಲ್ಲಿ ನೂರೈವತ್ತಕ್ಕೂ ಮಿಕ್ಕ ಕಥೆಗಳನ್ನು ಬರೆದರು. ಕೋಪನ್‌ಹೇಗನ್ನಿನ ಕಾರ್ಮಿಕರ ಸಭೆಗಳಲ್ಲಿಯೂ ಅವನ್ನು ಓದಿದರು. ಮುಪ್ಪಿನಲ್ಲಿ, ಮಕ್ಕಳು ಮೈಮೇಲೆ ಒರಗಿ ಕಥೆ ಕೇಳುತ್ತಿರುವಂತೆ ತಮ್ಮ ಪ್ರತಿಮೆಯನ್ನು ರೂಪಿಸಹೊರಟಾಗ ಒಪ್ಪಲಿಲ್ಲ. ತಮ್ಮ ಕಥೆಗಳು ಹಿರಿಯರಿಗೂ ಸಲ್ಲತಕ್ಕವೆಂಬುದು ಅವರ ನಿಲುವು. ಮಕ್ಕಳಿಲ್ಲದ ಪ್ರತಿಮೆಯೇ ಕಡೆಗೆ ನಿಂತಿತು.

1875ರ ಆಗಸ್ಟ್ 4ರಂದು ಅವರು ನಿಧನರಾದರು. 1956ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಉದ್ಯಾನದಲ್ಲಿ ಸ್ಥಾಪಿತವಾದ ಅವರ ಇನ್ನೊಂದು ಪ್ರತಿಮೆಯ ಬಳಿ ಬೇಸಗೆಯ ಶನಿವಾರಗಳಂದು ಮಕ್ಕಳಿಗೆ ಕಥೆ ಹೇಳುವ ಪರಿಪಾಠ ಬೆಳೆದುಬಂದಿತು. ಶಾಲೆಯಲ್ಲಿ ಅವಮಾನಿತನಾದ ಬಾಲಕನೇ ಜಗತ್ತಿನ ಮಕ್ಕಳಿಗೆ ಗುರುವಾದುದನ್ನು ಉಪಾಧ್ಯಾಯರಾದವರು ನೆನೆಯತಕ್ಕದ್ದು. ಹಿಂದಿನ ಸಾಲಿನಲ್ಲಿ ಬಾಯಿಬಿಡದೆ ಕುಳಿತಿರುವ ಮಗುವಿನಲ್ಲಿ ಎಂತಹ ಕಥೆ ಅಡಗಿದೆಯೋ ಬಲ್ಲವರಾರು?