ಸರ್ ಸಿ.ವಿ. ರಾಮನ್: ಬಿಸಿಲನ್ನೇ ದೀಪ ಮಾಡಿಕೊಂಡವರು

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಏನು ಕೊಡಿಸೋಣ ಎಂದು ಹಳೆಯ ವಿದ್ಯಾರ್ಥಿಗಳು ವಿಜ್ಞಾನ ಶಿಕ್ಷಕನಾದ ನನ್ನನ್ನು ಕೇಳುತ್ತಿದ್ದಾರೆ. ಪಟ್ಟಿ ಕೊಡುವ ಮೊದಲು, ಸರ್ ಸಿ.ವಿ. ರಾಮನ್ ಅವರು ಎಂಥ ಪ್ರಯೋಗಾಲಯಗಳಲ್ಲಿ ಬದುಕು ಸವೆಸಿದರು ಎಂಬುದನ್ನು ಹೇಳಬಯಸುತ್ತೇನೆ.

ತಿರುಚಿರಾಪಳ್ಳಿಯ ಬಳಿ 1888ರ ನವೆಂಬರ್ 7ರಂದು ಹುಟ್ಟಿದ ರಾಮನ್, ಮದರಾಸಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಅಲ್ಲಿನ ಬೌಬಜಾರ್ ರಸ್ತೆಯಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ ವಿಜ್ಞಾನ ಸಂಘವಿತ್ತು. ಉಪಕರಣಗಳಿದ್ದವು, ಸಂಶೋಧನೆಗೆ ಬರುವವರಿರಲಿಲ್ಲ. ರಾಮನ್ ಬೆಳಗಿನ ಜಾವವೇ ಅಲ್ಲಿಗೆ ಹೋಗಿ, ಆಮೇಲೆ ಸ್ನಾನ ಊಟ ಮುಗಿಸಿ ಕಚೇರಿಗೆ ಓಡುತ್ತಿದ್ದರು. ಸಂಜೆ ಕಚೇರಿಯಿಂದ ನೇರ ಮತ್ತೆ ಅಲ್ಲಿಗೇ; ರಾತ್ರಿಯವರೆಗೆ ಕೆಲಸ. ಸಹಾಯಕ ಅಶುತೋಷ್ ಡೇ ಜೊತೆಗಿರುತ್ತಿದ್ದರು. ವೀಣೆ, ತಂಬೂರಿ, ಮೃದಂಗಗಳ ನಾದದ ಗುಟ್ಟನ್ನು ರಾಮನ್ ಶೋಧಿಸಿದ್ದು ಆ ದಿನಗಳಲ್ಲೇ. ನಮ್ಮ ಕಡೆಯ ನೀಲಗಾರರು ತಂಬೂರಿ ಮೀಟುವಾಗ ನನಗೆ ಅದು ನೆನಪಾಗುತ್ತದೆ. 1917ರಲ್ಲಿ ಅವರು ಸರ್ಕಾರಿ ಹುದ್ದೆ ಬಿಟ್ಟು, ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆ ಒಪ್ಪಿಕೊಂಡರು.

1928ರಲ್ಲಿ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಅದೇ ಸಂಘದಲ್ಲಿ ಬಿಸಿಲನ್ನು ಮಸೂರದಿಂದ ಒಂದೆಡೆ ಸೇರಿಸಿ, ನೀಲಿ-ನೇರಳೆ ಗಾಜಿನ ಮೂಲಕ ಹಾಯಿಸಿ, ಸೀಸೆಯೊಳಗಿನ ದ್ರವದ ಮೇಲೆ ಬಿಡುತ್ತಿದ್ದರು. ದ್ರವದಲ್ಲಿ ಧೂಳಿದ್ದರೆ ಪ್ರಯೋಗ ಕೆಟ್ಟಿತು. ಹಾಗಾಗಿ ಅದನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡುವುದೇ ನಿತ್ಯದ ದುಡಿಮೆ. ಹೀಗೆ ಸುಮಾರು 60 ದ್ರವಗಳನ್ನು ನೋಡಿದರು. ಚದುರಿದ ಬೆಳಕಿನ ಅಲ್ಪ ಭಾಗ ಬಣ್ಣ ಬದಲಿಸುವುದು ಬರಿಗಣ್ಣಿಗೇ ಕಂಡಿತು. ಅದೇ ರಾಮನ್ ಪರಿಣಾಮ. ಅದರ ನೆನಪಿಗೇ ನಾವು ಫೆಬ್ರವರಿ 28ರಂದು ವಿಜ್ಞಾನ ದಿನ ಆಚರಿಸುವುದು. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

1933ರಲ್ಲಿ ರಾಮನ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಅಲ್ಲಿಂದ 1948ರಲ್ಲಿ ನಿವೃತ್ತರಾದ ಮೇಲೆ, ಮೈಸೂರು ಸಂಸ್ಥಾನ ಕೊಟ್ಟಿದ್ದ ಜಾಗದಲ್ಲಿ ತಾವೇ ಕಟ್ಟಿಸಿದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ಅಲ್ಲಿಗೆ ವಿದ್ಯುತ್ ಬರುವ ಮೊದಲೇ, ಒಂದು ಎಳೆ ಬಿಸಿಲು ಮತ್ತು ಕೆಲವು ಮಸೂರಗಳಿಂದ ಪ್ರಯೋಗ ಶುರುವಾಗಿತ್ತು. ಕೊನೆಯ ವರ್ಷಗಳಲ್ಲಿ ಹೂಗಳ ಬಣ್ಣವನ್ನು ಪರೀಕ್ಷಿಸುತ್ತಿದ್ದರು. 1970ರ ನವೆಂಬರ್ 21ರಂದು ತೀರಿಕೊಂಡಾಗ ಅಂತ್ಯಸಂಸ್ಕಾರ ನಡೆದದ್ದೂ ಆ ಸಂಸ್ಥೆಯ ಆವರಣದಲ್ಲೇ.

ಬಿಸಿಲು ನಮ್ಮಲ್ಲೂ ಧಾರಾಳವಾಗಿದೆ. ಗುಂಡ್ಲುಪೇಟೆಯ ಹೊಲಗಳಲ್ಲಿ ಚೆಂಡುಹೂ, ಸೂರ್ಯಕಾಂತಿ ಅರಳುತ್ತವೆ. ಮಸೂರ, ಪಟ್ಟಕ ಕೊಡಿಸುವವರಿಗೆ ಶಾಲೆ ಋಣಿ. ಆದರೆ ರಾಮನ್ ಕಾಲಿಡುವ ಮುನ್ನ ಬೌಬಜಾರಿನ ಉಪಕರಣಗಳೂ ಸುಮ್ಮನೆ ಕುಳಿತಿದ್ದವು. ನಮ್ಮ ಪ್ರಯೋಗಾಲಯ ಶಾಲೆ ಬಿಟ್ಟ ಮೇಲೂ ಒಂದು ಗಂಟೆ ತೆರೆದಿರಬೇಕು. ಬೀಗ ತೆಗೆದು ಜೊತೆಗಿರಲು ನಾನು ಸಿದ್ಧ. ಸಂಜೆಯ ಬಸ್ಸು ತಪ್ಪಿದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಜೋಪಾನವಾಗಿ ಮನೆ ಮುಟ್ಟಿಸುವ ಏರ್ಪಾಟನ್ನು ಊರಿನವರು ಮಾಡಿಕೊಡಲಿ. ಪಟ್ಟಿಯಲ್ಲಿ ನಾನು ಮೊದಲು ಬರೆಯುವುದು ಅದನ್ನೇ.