ಚಂದ್ರಗಿರಿಯ ಚಂದ್ರಗುಪ್ತ ಮುನಿಗಳು

ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದು ಚಕ್ರವರ್ತಿ ಚಂದ್ರಗುಪ್ತ ಮೌರ್ಯರಿಂದ ಎಂದು ಪ್ರತೀತಿ. ಕ್ರಿ.ಪೂ. 4ನೇ ಶತಮಾನದಲ್ಲಿ ನಂದರನ್ನು ಸೋಲಿಸಿ ಪಾಟಲೀಪುತ್ರದಲ್ಲಿ ಪಟ್ಟವೇರಿದ ಇವರು ಸುಮಾರು 24 ವರ್ಷ ರಾಜ್ಯವಾಳಿದರು. ಗ್ರೀಕ್ ದೊರೆ ಸೆಲ್ಯೂಕಸನೂ ಇವರೊಡನೆ ಸಂಧಿ ಮಾಡಿಕೊಳ್ಳಬೇಕಾಯಿತು.

ಉತ್ತರದಲ್ಲಿ 12 ವರ್ಷದ ಬರ ಬರುತ್ತದೆಂದು ಶ್ರುತಕೇವಲಿ ಭದ್ರಬಾಹು ಸ್ವಾಮಿಗಳು ಮೊದಲೇ ತಿಳಿಸಿದರು. ಚಂದ್ರಗುಪ್ತರು ಮಗನಿಗೆ ಪಟ್ಟ ಕಟ್ಟಿ, ದೀಕ್ಷೆ ಪಡೆದು, ಮುನಿಸಂಘದ ಜೊತೆ ಕಾಲ್ನಡಿಗೆಯಲ್ಲೇ ದಕ್ಷಿಣಕ್ಕೆ ಬಂದರೆಂದು ಜೈನ ಪರಂಪರೆ ಹೇಳುತ್ತದೆ. ಇಲ್ಲಿಗೆ ಬಂದಾಗ ಗುರುಗಳಿಗೆ ತಮ್ಮ ಅಂತ್ಯಕಾಲ ಹತ್ತಿರವಾಯಿತೆಂದು ತಿಳಿಯಿತು. ಸಂಘವನ್ನು ಮುಂದಕ್ಕೆ ಕಳಿಸಿದರು. ಚಂದ್ರಗುಪ್ತರು ಮಾತ್ರ ಹೋಗಲಿಲ್ಲ. ಸಾವಿರಾರು ಜನ ಸೇವಕರಿದ್ದ ದೊರೆ ಬೆಟ್ಟದ ಗುಹೆಯಲ್ಲಿ ಒಬ್ಬರೇ ನಿಂತು ಗುರುಗಳ ಕಡೇ ಉಸಿರಿನ ತನಕ ಸೇವೆ ಮಾಡಿದರು. ಆಮೇಲೂ ಅರಮನೆಗೆ ತಿರುಗಿ ಹೋಗದೆ, ಗುರುಪಾದ ಪೂಜಿಸುತ್ತಾ ತಪಸ್ಸಿನಲ್ಲಿದ್ದು, ಕೊನೆಗೆ ಸಲ್ಲೇಖನ ವ್ರತದಿಂದ ದೇಹ ಬಿಟ್ಟರು.

ಭಕ್ತಾದಿಗಳು ಭದ್ರಬಾಹು ಗುಹೆಯಲ್ಲಿ ಪಾದಗಳ ದರ್ಶನ ಮಾಡಬಹುದು. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ಗುರುಶಿಷ್ಯರ ಕಥೆಯನ್ನೇ ಕೆತ್ತಿದ್ದಾರೆ, ನಿಧಾನವಾಗಿ ನೋಡಿ.

ಕೊನೆ ಅರಸನಿಗೂ ಉಂಟು, ಆಳಿಗೂ ಉಂಟು. ಅದನ್ನು ಮರೆಯದವರು ಇರುವ ದಿನಗಳನ್ನು ಸುಮ್ಮನೆ ಕಳೆಯುವುದಿಲ್ಲ. ಬೆಟ್ಟ ಇಳಿಯುವಾಗ ಇಷ್ಟು ನೆನಪಿದ್ದರೆ ಹತ್ತಿದ್ದು ಸಾರ್ಥಕ.