ಇತಿಹಾಸದ ರುಚಿ ಹಚ್ಚಿದ ಆಲೂರ ವೆಂಕಟರಾಯರು

ಕಥೆ ಕಾದಂಬರಿಗಳನ್ನು ಓದುವಷ್ಟೇ ಆಸೆಯಿಂದ ಇತಿಹಾಸವನ್ನೂ ಮಹಾಪುರುಷರ ಚರಿತ್ರೆಗಳನ್ನೂ ಓದುವ ವಿದ್ಯಾರ್ಥಿಗಳು ನಮ್ಮ ಶಾಲೆಯಲ್ಲಿ ಇಲ್ಲದಿಲ್ಲ. ಪರೀಕ್ಷೆಗೆಂದು ಉರುಹೊಡೆದ ಇಸವಿಗಳು ಮರುವಾರವೇ ಮರೆತುಹೋಗುತ್ತವೆ. ಮೆಚ್ಚಿ ಓದಿದ ಇತಿಹಾಸವು ಮಾತ್ರ ಬಹುಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಇಂತಹ ಓದನ್ನು ಪಂಡಿತರ ಕೋಣೆಯಿಂದ ಹೊರತಂದು ಸಾಮಾನ್ಯ ಜನರ ಕೈಗಿತ್ತವರಲ್ಲಿ ಆಲೂರ ವೆಂಕಟರಾಯರು ಅಗ್ರಗಣ್ಯರು. ಅವರು ಕಾಲೇಜು ವಿದ್ಯೆಯನ್ನು ಕಲಿತದ್ದು ನಾವಿರುವ ಈ ಪುಣೆಯಲ್ಲಿಯೇ ಆದುದರಿಂದ, ಅವರ ಜೀವನವನ್ನು ಇಲ್ಲಿ ನಿರೂಪಿಸಲು ನಮಗೆ ವಿಶೇಷವಾದ ಉತ್ಸಾಹವುಂಟು.

ವೆಂಕಟರಾಯರು ೧೮೮೦ನೆಯ ಇಸವಿ ಜುಲೈ ೧೨ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು ಸರಕಾರಿ ನೌಕರಿಯಲ್ಲಿದ್ದವರು. ಮುಂದೆ ಪುಣೆಗೆ ಬಂದು ಫರ್ಗ್ಯುಸನ್ ಕಾಲೇಜನ್ನು ಸೇರಿ ೧೯೦೩ರಲ್ಲಿ ಬಿ.ಎ. ಪದವಿಯನ್ನೂ, ೧೯೦೫ರಲ್ಲಿ ಕಾಯಿದೆಯ ಪದವಿಯನ್ನೂ ಪಡೆದರು. ಧಾರವಾಡದಲ್ಲಿ ವಕೀಲಿಯನ್ನು ಆರಂಭಿಸಿದರಾದರೂ ಅದರಲ್ಲಿ ಅವರ ಮನಸ್ಸು ನೆಲೆಸಲಿಲ್ಲ. ಏಕೆ ನೆಲೆಸಲಿಲ್ಲವೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಪುಣೆಯನ್ನು ಸ್ವಲ್ಪ ನೆನೆಯಬೇಕು.

ಅಂದು ಈ ಊರಿನಲ್ಲಿ ಇತಿಹಾಸವೆಂಬುದು ಮನೆಮಾತಾಗಿತ್ತು. ಟಿಳಕರ ‘ಕೇಸರಿ’ ಪತ್ರಿಕೆಯು ಜನರನ್ನು ಎಚ್ಚರಿಸುತ್ತಿತ್ತು. ರಾಜವಾಡೆಯವರು ಊರೂರು ಅಲೆದು ಹಳೆಯ ಕಾಗದಪತ್ರಗಳನ್ನು ಕೂಡಿಹಾಕಿ ೧೮೯೮ರಿಂದ ಸಂಪುಟಗಳಾಗಿ ಅಚ್ಚು ಹಾಕಿಸುತ್ತಿದ್ದರು. ನ್ಯಾಯಮೂರ್ತಿ ರಾನಡೆಯವರು ಮರಾಠರ ಉತ್ಕರ್ಷವನ್ನು ಕುರಿತು ಬರೆದ ಗ್ರಂಥವು ೧೯೦೦ರಲ್ಲಿ ಹೊರಬಿದ್ದಿತ್ತು. ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಜನರು ಕಾದು ಓದುತ್ತಿದ್ದರು. ಇವೆಲ್ಲವುಗಳ ನಡುವೆ ಇದ್ದ ಕನ್ನಡ ತರುಣನಿಗೆ ತನ್ನ ನಾಡಿನ ಹಿರಿಯರು ಯಾರು, ಅವರು ಏನು ಮಾಡಿದರು ಎಂದು ಕೇಳಿದರೆ ತೋರಿಸಲು ಕನ್ನಡದ ಒಂದು ಪುಸ್ತಕವಾದರೂ ಇತ್ತೆ? ಸಾಮಗ್ರಿಯೇನೋ ಇತ್ತು. ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಿದ್ದರು. ಭಾಂಡಾರಕರರು ದಖ್ಖನಿನ ಪ್ರಾಚೀನ ಇತಿಹಾಸವನ್ನು ರಚಿಸಿದ್ದರು. ರೈಸ್ ಅವರು ಮೈಸೂರು ಸೀಮೆಯ ಶಾಸನಗಳನ್ನು ಪ್ರಕಟಿಸುತ್ತಿದ್ದರು. ಸ್ಯೂಯೆಲ್ ಅವರು ಮರೆತುಹೋದ ವಿಜಯನಗರ ಸಾಮ್ರಾಜ್ಯವನ್ನು ೧೯೦೦ರಲ್ಲಿ ಮತ್ತೆ ಬೆಳಕಿಗೆ ತಂದಿದ್ದರು. ಇವರೆಲ್ಲರ ಋಣವು ನಮ್ಮ ಮೇಲೆ ದೊಡ್ಡದು. ಆದರೆ ಈ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿ ಇದ್ದುವು. ಧಾರವಾಡದ ಹಳ್ಳಿಯ ಶಾಲಾಮಾಸ್ತರನಿಗೂ ರೈತನಿಗೂ ಅವು ಇದ್ದೂ ಇಲ್ಲದಂತೆಯೇ ಸರಿ.

ವಿದ್ಯಾಭ್ಯಾಸವು ಮುಗಿದ ಸುಮಾರಿಗೆ ವೆಂಕಟರಾಯರು ಆನೆಗೊಂದಿಗೂ ಹಂಪೆಗೂ ಹೋದರು. ತುಂಗಭದ್ರೆಯ ಎರಡು ದಡಗಳಲ್ಲಿ ಬಂಡೆಗಳ ನಡುವೆ ಹರಡಿರುವ ಗುಡಿಗಳು, ಮಂಟಪಗಳು, ಸಾಲುಗಂಬದ ಬೀದಿಗಳು, ಮುರಿದ ಕೋಟೆಗೋಡೆಗಳು ಅವರ ಕಣ್ಣಿಗೆ ಬಿದ್ದುವು. ೧೫೬೫ರ ಯುದ್ಧದ ಅನಂತರ ಪಾಳುಬಿದ್ದ ಆ ಪಟ್ಟಣವನ್ನು ಅವರಿಗಿಂತ ಮುಂಚೆ ಅನೇಕರು ನೋಡಿದ್ದರು; ನೋಡಿ ನಿಟ್ಟುಸಿರುಬಿಟ್ಟು ಮನೆಗೆ ಹೋಗಿದ್ದರು. ವೆಂಕಟರಾಯರ ಜೀವನದ ದಿಕ್ಕು ಮಾತ್ರ ಅಲ್ಲಿಯೇ ಬದಲಾಯಿತು. ೧೯೦೭ರಲ್ಲಿ ಅವರ ‘ವಿದ್ಯಾರಣ್ಯ ಚರಿತ್ರೆ’ ಹೊರಬಂದಿತು. ಅವರ ಮೊದಲ ಪುಸ್ತಕವು ಒಂದು ಜೀವನಚರಿತ್ರೆಯಾದದ್ದು ನಮಗೆ ಅರ್ಥಪೂರ್ಣವಾಗಿಯೇ ತೋರುತ್ತದೆ. ಒಬ್ಬ ಮನುಷ್ಯನ ಕಥೆಯ ಮೂಲಕವೇ ಒಂದು ಕಾಲವನ್ನು ಪ್ರವೇಶಿಸುವುದು ಸುಲಭವಷ್ಟೆ.

ಆ ಬಳಿಕ ‘ವಾಗ್ಭೂಷಣ’ ಪತ್ರಿಕೆಯ ಕೆಲಸ, ಊರೂರುಗಳಲ್ಲಿ ಭಾಷಣ, ಶಾಸನಗಳ ವ್ಯಾಸಂಗ, ಸ್ವದೇಶೀ ಉದ್ಯೋಗಗಳ ಸಾಹಸ ಎಲ್ಲವೂ ನಡೆದುವು. ಉದ್ಯೋಗಗಳಿಂದ ಅವರಿಗೆ ಹಣ ಬರಲಿಲ್ಲವೆಂದಷ್ಟೇ ಹೇಳಿ ಮುಂದೆ ಹೋಗೋಣ. ೧೯೧೪ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವು ಸ್ಥಾಪಿತವಾಯಿತು. ಇದಕ್ಕೆ ನಾಲ್ಕು ವರ್ಷ ಮೊದಲು, ೧೯೧೦ರಲ್ಲಿ, ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳವು ಹುಟ್ಟಿತ್ತೆಂಬುದನ್ನು ನಾವು ಮರೆಯಬಾರದು.

೧೯೧೭ರಲ್ಲಿ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಅರಸರು ಇವರೆಲ್ಲ ಮೊದಲ ಬಾರಿಗೆ ಸಾಮಾನ್ಯ ಕನ್ನಡಿಗನ ಮನೆಯೊಳಗೆ ಕಾಲಿಟ್ಟರು. ನರ್ಮದೆಯ ತೀರದಲ್ಲಿ ಹರ್ಷನನ್ನು ತಡೆದ ಇಮ್ಮಡಿ ಪುಲಿಕೇಶಿ, ಅವನ ಕೀರ್ತಿಯನ್ನು ೬೩೪ರಲ್ಲಿ ಐಹೊಳೆಯ ಶಿಲೆಯ ಮೇಲೆ ಕೆತ್ತಿಸಿದ ರವಿಕೀರ್ತಿ, ಎಲ್ಲೋರೆಯಲ್ಲಿ ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಕೈಲಾಸ ದೇವಾಲಯವನ್ನು ಮಾಡಿಸಿದ ರಾಷ್ಟ್ರಕೂಟ ಕೃಷ್ಣ, ಇಂತಹವರ ಪರಿಚಯವು ಅದುವರೆಗೆ ಎಷ್ಟು ಜನ ಕನ್ನಡಿಗರಿಗಿತ್ತು? ಶಾಲೆಯ ಪ್ರವಾಸದಲ್ಲಿ ಎಲ್ಲೋರೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಈ ಪುಸ್ತಕವನ್ನು ಓದಿಕೊಂಡು ಹೋದರೆ ಅಲ್ಲಿ ಕಾಣುವುದು ಹೆಚ್ಚು.

ಈ ಗ್ರಂಥವು ನಿರ್ಲಿಪ್ತನಾದ ಪಂಡಿತನ ಬರವಣಿಗೆಯಲ್ಲವೆಂಬುದನ್ನೂ ನಾವು ಹೇಳಬೇಕು. ಹೆಸರೇ ಸೂಚಿಸುವಂತೆ ಇಲ್ಲಿ ವೈಭವಕ್ಕೆ ಪ್ರಾಧಾನ್ಯ. ಸೋಲು, ಒಳಜಗಳ, ಸಾಮಾನ್ಯ ಜನರ ಕಷ್ಟ ಇವುಗಳಿಗೆ ದೊರೆತ ಸ್ಥಳ ಕಡಿಮೆ. ಆಮೇಲಿನ ನೂರು ವರ್ಷಗಳಲ್ಲಿ ಎಷ್ಟೋ ಶಾಸನಗಳು ದೊರೆತು, ಎಷ್ಟೋ ಅಭಿಪ್ರಾಯಗಳು ತಿದ್ದಲ್ಪಟ್ಟಿವೆ. ಆದರೆ ನಿದ್ರಿಸುವವನನ್ನು ಎಬ್ಬಿಸಲು ಹೊರಟವನು ಮೆಲ್ಲನೆ ಮಾತಾಡಿದರೆ ನಡೆಯುವುದಿಲ್ಲ. ರಾಯರು ಕೂಗಿಯೇ ಎಬ್ಬಿಸಿದರು. ಎದ್ದವರು ಅನಂತರ ಶಾಂತವಾಗಿ ಕುಳಿತು ಹೆಚ್ಚಿನ ಶೋಧನೆಗಳನ್ನು ನಡೆಸಿದರು.

ಇನ್ನೊಂದು ಸಂಗತಿಯು ಮಹಾರಾಷ್ಟ್ರದಲ್ಲಿ ಬಾಳುವ ನಮಗೆ ಮುಖ್ಯವಾದದ್ದು. ಕನ್ನಡದ ಅಭಿಮಾನಕ್ಕಾಗಿ ಅವರು ಮರಾಠಿಯನ್ನು ದ್ವೇಷಿಸಲಿಲ್ಲ. ಟಿಳಕರು ಮಂಡಾಲೆಯ ಸೆರೆಮನೆಯಲ್ಲಿ ರಚಿಸಿ ೧೯೧೫ರಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರು ಇದೇ ವೆಂಕಟರಾಯರು. ನೆರೆಯವನ ಮನೆಯ ದೀಪದಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡರು.

ಆಗ ಕನ್ನಡ ನಾಡು ಮುಂಬಯಿ, ಮದರಾಸು ಪ್ರಾಂತಗಳಲ್ಲಿಯೂ, ಮೈಸೂರು, ಹೈದರಾಬಾದು ಸಂಸ್ಥಾನಗಳಲ್ಲಿಯೂ, ಕೊಡಗಿನಲ್ಲಿಯೂ, ಅನೇಕ ಚಿಕ್ಕ ಸಂಸ್ಥಾನಗಳಲ್ಲಿಯೂ ಹಂಚಿಹೋಗಿತ್ತು. ಅದನ್ನು ಒಂದುಗೂಡಿಸುವ ಕಾರ್ಯಕ್ಕೆ ರಾಯರು ಜೀವಮಾನವನ್ನೇ ಸವೆಸಿದರು. ೧೯೨೨ರಲ್ಲಿ ‘ಜಯಕರ್ನಾಟಕ’ ಪತ್ರಿಕೆಯನ್ನು ಆರಂಭಿಸಿದರು. ೧೯೩೦ರಲ್ಲಿ ಮೈಸೂರಿನಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಜನರು ಅವರನ್ನು ಕರ್ನಾಟಕದ ಕುಲಪುರೋಹಿತರೆಂದು ಪ್ರೀತಿಯಿಂದ ಕರೆದರು. ೧೯೫೬ರ ನವೆಂಬರ ೧ರಂದು ಕನ್ನಡ ಪ್ರದೇಶಗಳು ಒಂದಾದಾಗ ರಾಯರಿಗೆ ೭೬ ವರ್ಷ. ತಾರುಣ್ಯದಲ್ಲಿ ಕಂಡ ಅದೇ ಹಂಪೆಗೆ ಹೋಗಿ ಅವರು ಭುವನೇಶ್ವರಿಯ ಪೂಜೆಯನ್ನು ನೆರವೇರಿಸಿದರು. ೧೯೬೪ರ ಫೆಬ್ರುವರಿ ೨೫ರಂದು ಕಾಲವಾದರು. ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು ೧೯೭೩ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ರಾಯರ ಆತ್ಮಚರಿತ್ರೆ ‘ನನ್ನ ಜೀವನ ಸ್ಮೃತಿಗಳು’ ೧೯೪೧ರಲ್ಲಿ ಪ್ರಕಟವಾಯಿತು. ‘ಗತವೈಭವ’ದ ಭಾಷೆ ಗಡುಸೆಂದು ತೋರುವ ಚಿಕ್ಕ ತರಗತಿಯವರು ಮೊದಲು ಇದನ್ನು ಕೈಗೆತ್ತಿಕೊಳ್ಳಬಹುದು. ಹಂಪೆಯ ಆ ಪ್ರಯಾಣದ ಮಾತು ಅದರಲ್ಲಿ ಬರುವೆಡೆಗೆ ಸ್ವಲ್ಪ ನಿಧಾನವಾಗಿ ಓದಿರಿ.